ಗ್ರೀನ್ ಕಾರ್ಡ್ ಸಾಲು ಇಷ್ಟುದ್ದ ಬೆಳೆದಿದ್ದು ಹೇಗೆ? ಟೆಡ್ ಕೆನಡಿ ಕಾಲದಿಂದ ಒಂದು ನೋಟ

ಅಮೆರಿಕದಲ್ಲಿ ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾ ಮೇಲೆ ಇದ್ದು, ಕಾಯಂ ಆಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವ ನಮ್ಮವರು ತಿಂಗಳಿಗೊಮ್ಮೆ ವೀಸಾ ಬುಲೆಟಿನ್ ತೆರೆದು ನೋಡುತ್ತಾರೆ. ಸರದಿ ಯಾವ ದಿನಾಂಕದವರೆಗೆ ಬಂದಿದೆ ಎಂದು ಅಲ್ಲಿನ ಸರ್ಕಾರ ಹೊರಡಿಸುವ ಪಟ್ಟಿ ಅದು. ತಮ್ಮ ಪ್ರಯಾರಿಟಿ ಡೇಟ್, ಅಂದರೆ ತಾವು ಸಾಲಿಗೆ ಸೇರಿದ ದಿನ, ಹತ್ತಿರ ಬಂತಾ ಅಂತ. ಎಷ್ಟೋ ಸಲ ಒಂದು ದಿನವೂ ಮುಂದೆ ಸರಿದಿರುವುದಿಲ್ಲ, ಕೆಲವೊಮ್ಮೆ ಹಿಂದಕ್ಕೇ ಹೋಗಿರುತ್ತದೆ. ಯಾಕೆ ಹೀಗೆ ಎಂದು ಕೆದಕುತ್ತಾ ಹೋದರೆ ಪ್ರತಿ ತಿರುವಿನಲ್ಲೂ ಎದುರಾಗುವವರು ಎಡ್ವರ್ಡ್ ಕೆನಡಿ. ಎಲ್ಲರ ಬಾಯಲ್ಲಿ ಟೆಡ್. 1962ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಿಂದ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಬಂದವರು 2009ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಹತ್ತಿರ ಹತ್ತಿರ 47 ವರ್ಷ.

ಮೊದಲು 1965ಕ್ಕೆ ಹೋಗೋಣ. ಅಲ್ಲಿಯವರೆಗೆ ಅಮೆರಿಕದ ಬಾಗಿಲು ತೆರೆಯುತ್ತಿದ್ದುದು ಹುಟ್ಟಿದ ದೇಶ ನೋಡಿ. ಬ್ರಿಟನ್, ಜರ್ಮನಿಯವರಿಗೆ ಸಾವಿರಾರು ಜಾಗ, ಭಾರತಕ್ಕೆ ವರ್ಷಕ್ಕೆ ಬರೀ 100. ಇದನ್ನು ಬದಲಿಸಬೇಕೆಂದು ಟೆಡ್‌ರ ಅಣ್ಣ, ಅಧ್ಯಕ್ಷ ಜಾನ್ ಕೆನಡಿ 1963ರಲ್ಲಿ ಪ್ರಸ್ತಾವ ಕಳಿಸಿದ್ದರು, ಅದೇ ವರ್ಷ ಅವರ ಹತ್ಯೆಯಾಯಿತು. ಆ ಮಸೂದೆಯನ್ನು ಸೆನೆಟ್‌ನಲ್ಲಿ ದಡ ಮುಟ್ಟಿಸಿದವರು 33 ವರ್ಷದ ತಮ್ಮ. ಲಿಬರ್ಟಿ ಪ್ರತಿಮೆಯ ಕೆಳಗೆ ಕೂತು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ಏಷ್ಯಾ, ಯುರೋಪಿನ ಯಾವ ದೇಶವಾದರೂ ಸರಿ, ವರ್ಷಕ್ಕೆ ಹೆಚ್ಚೆಂದರೆ 20,000. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡ್‌ಗೂ ಅಷ್ಟೇ. 100ರಿಂದ 20,000 ಅಂದ್ರೆ ಸಣ್ಣ ಮಾತಲ್ಲ. 70ರ ದಶಕದಲ್ಲಿ ನಮ್ಮ ಕಾಲೇಜುಗಳಿಂದ ಹೋದ ಡಾಕ್ಟರುಗಳು, ಇಂಜಿನಿಯರುಗಳು ಹೋದದ್ದು ಈ ಬಾಗಿಲಿನಿಂದಲೇ.

ಮುಂದಿನ 25 ವರ್ಷದಲ್ಲಿ ಏನೇನೋ ಆಯಿತು. ಇನ್ನೊಬ್ಬ ಅಣ್ಣ ರಾಬರ್ಟ್ ಕೂಡ ಗುಂಡೇಟಿಗೆ ಬಲಿಯಾದರು. 1969ರಲ್ಲಿ ಟೆಡ್ ಓಡಿಸುತ್ತಿದ್ದ ಕಾರು ನೀರಿಗೆ ಬಿದ್ದು ಜೊತೆಗಿದ್ದ ಯುವತಿ ಸತ್ತರು, ಆ ಕಳಂಕ ಕೊನೆವರೆಗೂ ಹೋಗಲಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳಕ್ಕೆ ಬಂದು, ಪೂರ್ವ ಪಾಕಿಸ್ತಾನದಿಂದ (ಈಗಿನ ಬಾಂಗ್ಲಾದೇಶ) ಓಡಿಬಂದ ನಿರಾಶ್ರಿತರ ಶಿಬಿರಗಳಲ್ಲಿ ಓಡಾಡಿದರು. ತಮ್ಮದೇ ಸರ್ಕಾರ ಪಾಕಿಸ್ತಾನದ ಪರ ನಿಂತಿದ್ದಾಗ ಅದನ್ನು ಬಾಯಿಬಿಟ್ಟು ವಿರೋಧಿಸಿದರು. 1980ರಲ್ಲಿ ಅಧ್ಯಕ್ಷ ಹುದ್ದೆಗೆ ಪಕ್ಷದ ಟಿಕೆಟ್ ಸಿಗಲಿಲ್ಲ.

ಈಗಿನ ಗಂಟು ಬಿದ್ದದ್ದು 1990ರ ವಲಸೆ ಕಾನೂನಿನಲ್ಲಿ. ಆ ಕಾನೂನಿನ ಮಸೂದೆ ತಂದವರೂ ಕೆನಡಿಯವರೇ. ಕೆಲಸದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ 1,40,000, ಒಂದು ದೇಶಕ್ಕೆ ಅದರಲ್ಲಿ 7%. ಲೆಕ್ಕ ಹಾಕಿದರೆ 9,800. ಹೆಂಡತಿ, ಗಂಡ, ಮಕ್ಕಳೂ ಇದೇ ಲೆಕ್ಕದೊಳಗೆ. ಬೇರೆಯವರು ಬಳಸದೆ ಉಳಿದದ್ದು ಸಿಕ್ಕರೆ ಅದೃಷ್ಟ. ಇಂದಿನ ರೂಪದ ಎಚ್-1ಬಿ ಹುಟ್ಟಿದ್ದೂ ಅದೇ ಕಾನೂನಿನಲ್ಲಿ, ವರ್ಷಕ್ಕೆ 65,000. ಆದರೆ ಅದಕ್ಕೆ ದೇಶವಾರು ಮಿತಿ ಇಲ್ಲ! ಕೆಲಸಕ್ಕೆ ಬರುವಾಗ ಯಾವ ದೇಶ ಅಂತ ಲೆಕ್ಕವಿಲ್ಲ, ನೆಲೆಸಲು ಕೇಳಿದಾಗ ಮಾತ್ರ ಲೆಕ್ಕ. ಆಗ ಇದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಆಮೇಲೆ ಐಟಿ ಬಂತು, 2000ನೇ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜು ಮಾಡುವ ವೈ2ಕೆ ಕೆಲಸ ಬಂತು. 2001ರಿಂದ ಮೂರು ವರ್ಷ ಎಚ್-1ಬಿ ಮಿತಿಯನ್ನು 1,95,000ಕ್ಕೆ ಏರಿಸಿದರು, ಗ್ರೀನ್ ಕಾರ್ಡ್‌ನ 1,40,000 ಮಾತ್ರ ಹಾಗೇ ಉಳಿಯಿತು. ಒಳಬಾಗಿಲು ಅಷ್ಟೇ ಇಟ್ಟು ಹೊರಬಾಗಿಲು ಅಗಲ ಮಾಡಿದರೆ ಜನ ಜಗಲಿಯಲ್ಲೇ ನಿಲ್ಲಬೇಕಾಗುತ್ತೆ ಅಲ್ವಾ?

ಕೆನಡಿ ಸುಮ್ನೆ ಕೂರಲಿಲ್ಲ. ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಜೊತೆ ಸೇರಿ 2005ರಲ್ಲಿ ವಲಸೆ ನೀತಿಯನ್ನೇ ತಿದ್ದುವ ದೊಡ್ಡ ಮಸೂದೆ ತಂದರು. ಅದರ ಬೆನ್ನಿಗೆ ಬಂದ ಇನ್ನೊಂದು ಮಸೂದೆ 2006ರಲ್ಲಿ ಸೆನೆಟ್ ದಾಟಿ ಕೆಳಮನೆಯಲ್ಲಿ ನಿಂತಿತು. 2007ರದ್ದು ಸೆನೆಟ್‌ನಲ್ಲೇ ಬಿತ್ತು. ಮರುವರ್ಷ ಅವರಿಗೆ ಮಿದುಳಿನ ಗಡ್ಡೆ ಪತ್ತೆಯಾಯಿತು.

ಅವರು ಹೋದ ಮೇಲೆ 2019ರಲ್ಲಿ ದೇಶವಾರು ಮಿತಿ ತೆಗೆಯುವ ಮಸೂದೆಗೆ ಕೆಳಮನೆಯಲ್ಲಿ 365 ಮತ ಬಿದ್ದವು. 2020ರ ಕೊನೆಗೆ ಸೆನೆಟ್ ಕೂಡ ತನ್ನದೇ ರೂಪದಲ್ಲಿ ಒಪ್ಪಿತು. ಎರಡನ್ನೂ ಒಂದು ಮಾಡುವಷ್ಟರಲ್ಲಿ ಆ ಸಂಸತ್ತಿನ ಅವಧಿ ಮುಗಿದಿತ್ತು. ಇತ್ತ ಅಪ್ಪ ಅಮ್ಮನ ಕೈ ಹಿಡಿದು ಚಿಕ್ಕವರಿದ್ದಾಗ ಹೋದ ಮಕ್ಕಳು 21 ದಾಟಿದರೆ, ಹೆತ್ತವರ ಅರ್ಜಿಯಿಂದಲೇ ಹೊರಗೆ ಬೀಳುತ್ತಾರೆ.