ಸೀಡ್ ಮನಿ ಕೇಳುವ ಮುನ್ನ ಕಾಲುವೆಯ ಕ್ಯಾಲೆಂಡರ್ ನೋಡಿ

ವಿಶ್ವವಿದ್ಯಾಲಯ ತನ್ನ ಅಧ್ಯಾಪಕರಿಗೆ ಸಂಶೋಧನೆ ಆರಂಭಿಸಲು ಕೊಡುವ ಸಣ್ಣ ಮೊತ್ತದ ಸೀಡ್ ಮನಿಯಿಂದ ಆಗಬೇಕಾದ ಕೆಲಸ ಒಂದೇ: ಮುಂದೆ ದೊಡ್ಡ ಅನುದಾನ ಕೇಳುವಾಗ ಮುಂದಿಡಬಹುದಾದ ಮೊದಲ ಅಂಕಿಅಂಶ ಕೈಗೆ ಬರಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದ ಹೊಸ ಅಧ್ಯಾಪಕರು ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪ್ರಸ್ತಾವದ ಅರ್ಧ ತಪ್ಪುಗಳು ತಾವಾಗಿಯೇ ಹೋಗುತ್ತವೆ. ಐದು ಉದ್ದೇಶ, ಒಂದು ದುಬಾರಿ ಉಪಕರಣ, ‘ಒಂದು ಅಧ್ಯಯನ’ ಎಂಬ ಶೀರ್ಷಿಕೆ. ಇಂಥ ಅರ್ಜಿ ಸಮಿತಿಯಲ್ಲಿ ಪಾಸಾದರೂ ಅದರಿಂದ ಮೊಳಕೆ ಬರುವುದಿಲ್ಲ.

ಒಂದು ಉದಾಹರಣೆ. ತುಂಗಭದ್ರಾ ಎಡದಂಡೆಯ ಗಂಗಾವತಿ, ಕಾರಟಗಿ ಭಾಗದ ಸವಳು-ಜವಳು (ಉಪ್ಪೇರಿದ, ನೀರು ನಿಂತು ಕೆಟ್ಟ) ಭೂಮಿಯ ಬಗ್ಗೆ ಕೆಲಸ ಮಾಡಬೇಕು ಎನ್ನೋಣ. ಪ್ರಶ್ನೆ ಇಷ್ಟು ಕಿರಿದಾಗಿರಲಿ: ಒಂದೇ ಉಪಕಾಲುವೆಯ ತಲೆಭಾಗದಿಂದ ಕೊನೆಭಾಗಕ್ಕೆ ಹೋದಂತೆ ಮಣ್ಣಿನ ಲವಣಾಂಶ ಬದಲಾಗುತ್ತದೆಯೇ? 40 ಹೊಲ, 0–15 ಮತ್ತು 15–30 ಸೆಂ.ಮೀ. ಎರಡು ಆಳ, ಎರಡು ಹಂಗಾಮು. ಒಟ್ಟು 160 ಮಾದರಿ.

ಈಗ ಲೆಕ್ಕ. ಹೊರಗಿನ ಲ್ಯಾಬಿನಲ್ಲಿ ಮಾದರಿಗೆ 350 ರೂ. ಎಂದು ಹಿಡಿದರೆ 56,000. ಮಣ್ಣಿನ ಲವಣಾಂಶವನ್ನು ವಿದ್ಯುತ್ ವಾಹಕತೆಯ ಮೂಲಕ ಹೊಲದಲ್ಲೇ ನೋಡುವ ಇ.ಸಿ. ಮೀಟರ್ 30,000, ಅದಕ್ಕೆ ಶೇ 18 ಜಿಎಸ್‌ಟಿ ಸೇರಿ 35,400. ಸಂಶೋಧನಾ ಸಂಸ್ಥೆಗಳಿಗಿದ್ದ ಶೇ 5ರ ರಿಯಾಯಿತಿ ದರ 2022ರ ಜುಲೈನಲ್ಲೇ ಹೋಯಿತು, ಆದರೂ ಹಳೆಯ ಪ್ರಸ್ತಾವದಿಂದ ಅದನ್ನೇ ನಕಲು ಮಾಡುವವರಿದ್ದಾರೆ. ದಿನಕ್ಕೆ 10 ಹೊಲದಂತೆ ಹಂಗಾಮಿಗೆ 4 ದಿನ. ಒಟ್ಟು 8 ದಿನದ ಬಾಡಿಗೆ ವಾಹನಕ್ಕೆ 28,000. ಇಬ್ಬರು ಸಹಾಯಕರ ಕೂಲಿ 11,200. ರಾಸಾಯನಿಕ, ಚೀಲ, ಬಾಟಲಿಗೆ 20,000. ಸಾದಿಲ್ವಾರು (ಇತರ ಸಣ್ಣಪುಟ್ಟ ಖರ್ಚು) 10,000. ಎಲ್ಲ ಸೇರಿ 1,60,600 ರೂ. ದರಗಳು ನಿಮ್ಮೂರಿನ ಕೊಟೇಶನ್‌ನಂತೆ ಬದಲಾಗಲಿ. ಆದರೆ ಪ್ರತಿ ರೂಪಾಯಿಯ ಹಿಂದೆ ಹೀಗೆ ಒಂದು ಗುಣಾಕಾರ ಇರಲೇಬೇಕು. ‘ಪ್ರಯಾಣ: 50,000’ ಎಂದು ಬರೆದರೆ ಸಮಿತಿ ಕತ್ತರಿ ಹಾಕುವುದೇ ಅಲ್ಲಿ.

ಹಣಕ್ಕಿಂತ ಹೆಚ್ಚು ಪ್ರಾಜೆಕ್ಟ್‌ಗಳನ್ನು ಕೆಡಿಸುವುದು ತಿಂಗಳುಗಳು. ಈ ಕೆಲಸಕ್ಕೆ ಮೊದಲ ಮಾದರಿ ಮುಂಗಾರಿನಲ್ಲಿ ಕಾಲುವೆಗೆ ನೀರು ಬಿಡುವ ಮುನ್ನ ಬೇಕು, ಎರಡನೆಯದು ಭತ್ತ ಕೊಯ್ಲಾದ ಮೇಲೆ. ಮಂಜೂರಾತಿ ಆದೇಶ ಅಕ್ಟೋಬರಿನಲ್ಲಿ ಬಂದು, ಹಣ ಜನವರಿಯಲ್ಲಿ ಬಿಡುಗಡೆಯಾಗಿ, ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ ಎಂದರೆ ಒಂದು ಹಂಗಾಮು ಪೂರ್ತಿ ತಪ್ಪಿದಂತೆಯೇ. ಆದ್ದರಿಂದ ಯೋಜನೆಯ ಅವಧಿಯನ್ನು ಆದೇಶದ ದಿನಾಂಕದ ಬದಲು ಹಣ ಬಿಡುಗಡೆಯಾದ ದಿನದಿಂದ ಎಣಿಸಬೇಕೆಂದು ಪ್ರಸ್ತಾವದಲ್ಲೇ ಕೇಳಿಕೊಳ್ಳಿ. ಉಳಿದ ಹಣವನ್ನು ಮುಂದಿನ ಆರ್ಥಿಕ ವರ್ಷಕ್ಕೆ ಒಯ್ಯಲು ಅನುಮತಿ ಬೇಕಿದ್ದರೆ ಫೆಬ್ರವರಿಯಲ್ಲೇ ಪತ್ರ ಕೊಡಿ. ಹೊಲದ ಅಕ್ಷಾಂಶ-ರೇಖಾಂಶವನ್ನು ಮೊದಲ ಸುತ್ತಿನಲ್ಲೇ ಬರೆದಿಟ್ಟುಕೊಳ್ಳಿ. ಭತ್ತ ಕೊಯ್ದ ಗದ್ದೆಗಳೆಲ್ಲ ನೋಡಲು ಒಂದೇ ಥರ. ಎರಡನೇ ಸಲ ಪಕ್ಕದ ಗದ್ದೆಯ ಮಣ್ಣು ತಂದರೆ ಹೋಲಿಕೆಯೇ ಸುಳ್ಳಾಗುತ್ತದೆ.

ಆಡಿಟ್‌ನಲ್ಲಿ ಸಿಕ್ಕಿಬೀಳುವ ಸಂಗತಿಗಳು ಸಣ್ಣವು, ಎಲ್ಲ ಕಡೆಯೂ ಒಂದೇ. ಮಂಜೂರಾತಿಗೆ ಹಿಂದಿನ ದಿನಾಂಕದ ಬಿಲ್. ಸ್ಟಾಕ್ ರಿಜಿಸ್ಟರ್‌ನ ಪುಟಸಂಖ್ಯೆ ಕಾಣಿಸದ ಬಿಲ್. ಲಾಗ್‌ಬುಕ್ ಇಲ್ಲದ ವಾಹನ ಬಾಡಿಗೆ. ಟೆಂಡರ್ ಬೇಡದ ಮಿತಿಯೊಳಗೆ ತರಲು ಒಂದೇ ಖರೀದಿಯನ್ನು ಮೂರು ತುಂಡು ಮಾಡುವುದು ಇವೆಲ್ಲಕ್ಕಿಂತ ಗಂಭೀರ. ರಾಜ್ಯದ ವಿಶ್ವವಿದ್ಯಾಲಯಗಳ ಖರೀದಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಅನ್ವಯಿಸುತ್ತದೆ. ರಾಸಾಯನಿಕದ ಹಣವನ್ನು ಪ್ರಯಾಣಕ್ಕೆ ಬಳಸಬೇಕಾದರೆ ಖರ್ಚಿಗೆ ಮುನ್ನ ಅನುಮತಿ ಪಡೆಯಿರಿ. ಖರ್ಚಾದ ಮೇಲೆ ಕೇಳಿದರೆ ಹಣಕಾಸು ಅಧಿಕಾರಿಗೆ ಒಪ್ಪಲು ದಾರಿಯೇ ಇರುವುದಿಲ್ಲ.

ದೊಡ್ಡ ಅನುದಾನಕ್ಕೆ ಮುಂದಿನ ಬಾಗಿಲುಗಳು: ರಾಜ್ಯದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನದ ವಿಷನ್ ಗ್ರೂಪ್, ಸಮಾಜ ವಿಜ್ಞಾನಕ್ಕೆ ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ), ಕೇಂದ್ರದಲ್ಲಿ 2023ರ ಕಾಯ್ದೆಯಿಂದ ಹುಟ್ಟಿ ಹಳೆಯ ಎಸ್‌ಇಆರ್‌ಬಿಯನ್ನು (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಒಳಗೊಂಡ ಎಎನ್‌ಆರ್‌ಎಫ್ (ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ). ಇದರ ಆರಂಭಿಕ ವೃತ್ತಿ ಅನುದಾನಕ್ಕೆ ವಯಸ್ಸಿನ ಜೊತೆ ಕೆಲಸಕ್ಕೆ ಸೇರಿದ ದಿನಾಂಕವನ್ನೂ ನೋಡುತ್ತಾರೆ. ಹಾಗಾಗಿ ಸೇರಿದ ಮೊದಲ ವರ್ಷದಲ್ಲೇ ಸೀಡ್ ಮನಿಗೆ ಅರ್ಜಿ ಹಾಕಿ. ಎರಡನೇ ಸುತ್ತಿನ ಮಾದರಿ ಲ್ಯಾಬಿನಲ್ಲಿರುವಾಗಲೇ ಮೊದಲ ಸುತ್ತಿನ 80 ಫಲಿತಾಂಶಗಳನ್ನು ಒಂದು ನಕ್ಷೆಯಲ್ಲಿ ಗುರುತಿಸಿ, ದೊಡ್ಡ ಪ್ರಸ್ತಾವದ ಮೊದಲ ಪುಟಕ್ಕೆ ಹಾಕಿ.