ಎಡಿಸಿ ಇರುವಾಗ ಸ್ಯಾಂಪಲ್-ಹೋಲ್ಡ್ ಏಕೆ?

ಪ್ರಶ್ನೆ: ಅನಲಾಗ್ ಸಂಕೇತವನ್ನು ಅಂಕಿಗಳಾಗಿಸಲು ಎಡಿಸಿ (ಅನಲಾಗ್-ಟು-ಡಿಜಿಟಲ್ ಕನ್ವರ್ಟರ್) ಇದ್ದೇ ಇದೆ. ಅದರ ಮುಂದೆ ಸ್ಯಾಂಪಲ್-ಹೋಲ್ಡ್ ಎಂಬ ಇನ್ನೊಂದು ಸರ್ಕಿಟ್ ಏಕೆ ಬೇಕು?

ಉತ್ತರ: ಎಡಿಸಿ ಅಳೆದು ಮುಗಿಸುವವರೆಗೆ ಸಂಕೇತ ಕಾಯುವುದಿಲ್ಲ, ಅದಕ್ಕೆ. ಬಹುತೇಕ ಮೈಕ್ರೊಕಂಟ್ರೋಲರ್‌ಗಳಲ್ಲಿರುವ ಸಕ್ಸೆಸಿವ್ ಅಪ್ರಾಕ್ಸಿಮೇಶನ್ ಮಾದರಿಯ ಎಡಿಸಿಯನ್ನೇ ನೋಡಿ. ವೋಲ್ಟೇಜ್ ಪೂರ್ಣ ವ್ಯಾಪ್ತಿಯ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ಅದು ಮೊದಲು ತೀರ್ಮಾನಿಸುತ್ತದೆ. ಆಮೇಲೆ ಕಾಲು, ಅರೆಕಾಲು ಎಂದು ಒಂದೊಂದೇ ಬಿಟ್ ಇಳಿಯುತ್ತ ಹೋಗುತ್ತದೆ. ತೀರ್ಮಾನವಾದ ಬಿಟ್ಟಿನತ್ತ ಮತ್ತೆ ತಿರುಗಿ ನೋಡುವುದಿಲ್ಲ. ನಡುವೆ ವೋಲ್ಟೇಜ್ ಅರ್ಧದ ಗಡಿ ದಾಟಿತೆಂದರೆ ಉಳಿದ ಬಿಟ್‌ಗಳು ಏನು ಮಾಡಿದರೂ ಲೆಕ್ಕ ಸರಿಹೋಗದು.

12 ಬಿಟ್‌ನ ಎಡಿಸಿಯೊಂದು ಒಂದು ಅಳತೆಗೆ 10 ಮೈಕ್ರೊಸೆಕೆಂಡ್ ತೆಗೆದುಕೊಳ್ಳುತ್ತದೆ ಎನ್ನೋಣ. ಅಷ್ಟರಲ್ಲಿ ಪೂರ್ಣ ವ್ಯಾಪ್ತಿಯ ಸೈನ್ ತರಂಗ 4096ರಲ್ಲಿ ಒಂದು ಪಾಲಿಗಿಂತ (12 ಬಿಟ್ ಅಳತೆಯ ಒಂದು ಮೆಟ್ಟಿಲಿಗಿಂತ) ಹೆಚ್ಚು ಕದಲಬಾರದೆಂದರೆ, ಅದರ ಆವರ್ತನ ಸುಮಾರು 8 ಹರ್ಟ್ಸ್ ಮೀರುವಂತಿಲ್ಲ. ಸೆಕೆಂಡಿಗೆ ಲಕ್ಷ ಬಾರಿ ಅಳೆಯಬಲ್ಲ ಸಾಧನಕ್ಕೆ ಬರೀ 8 ಹರ್ಟ್ಸ್! ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಸ್ಯಾಂಪಲ್-ಹೋಲ್ಡ್ ಏಕೆಂದು ಮತ್ತೆ ಹೇಳಬೇಕಾಗಿಲ್ಲ.

ಸರ್ಕಿಟ್ ಸರಳ: ಒಂದು ಟ್ರಾನ್ಸಿಸ್ಟರ್ ಸ್ವಿಚ್, ಒಂದು ಕೆಪಾಸಿಟರ್, ಅದರ ಹಿಂದೆ ಬಫರ್, ಅಂದರೆ ಕೆಪಾಸಿಟರಿನ ವೋಲ್ಟೇಜನ್ನು ಕದಲಿಸದೆ ಮುಂದಕ್ಕೆ ದಾಟಿಸುವ ಸರ್ಕಿಟ್. ಸ್ವಿಚ್ ಮುಚ್ಚಿರುವಾಗ (ಸಂಪರ್ಕ ಕೂಡಿರುವಾಗ) ಕೆಪಾಸಿಟರ್ ಸಂಕೇತವನ್ನು ಹಿಂಬಾಲಿಸುತ್ತದೆ; ತೆರೆದ ಕ್ಷಣದ ವೋಲ್ಟೇಜ್ ಅದರಲ್ಲೇ ಉಳಿಯುತ್ತದೆ.

ಉಳಿದ ವೋಲ್ಟೇಜ್ ಸೋರಿಹೋಗುವುದಿಲ್ಲವೇ? ಸೋರುತ್ತದೆ. ಆದರೆ 1 ನ್ಯಾನೊಫ್ಯಾರಡ್ ಕೆಪಾಸಿಟರಿನಿಂದ 100 ಪಿಕೊಆಂಪಿಯರ್ ಸೋರಿದರೂ 10 ಮೈಕ್ರೊಸೆಕೆಂಡಿನಲ್ಲಿ ಇಳಿಯುವುದು 1 ಮೈಕ್ರೊವೋಲ್ಟ್. 5 ವೋಲ್ಟ್ ವ್ಯಾಪ್ತಿಯ 12 ಬಿಟ್ ಅಳತೆಯಲ್ಲಿ ಒಂದು ಮೆಟ್ಟಿಲೇ 1.22 ಮಿಲಿವೋಲ್ಟ್. ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ನಿಜವಾದ ತೊಂದರೆ ತುಂಬುವಲ್ಲಿದೆ. 12 ಬಿಟ್ ನಿಖರತೆಗೆ ಕೆಪಾಸಿಟರ್ ತುಂಬಲು ಸುಮಾರು 9 ಟೈಮ್ ಕಾನ್‌ಸ್ಟಂಟ್ (ರೋಧ ಮತ್ತು ಕೆಪಾಸಿಟನ್ಸ್‌ಗಳ ಗುಣಲಬ್ಧ) ಬೇಕು. ಚಿಪ್ಪಿನೊಳಗಿನ ಕೆಪಾಸಿಟರ್ 10 ಪಿಕೊಫ್ಯಾರಡ್, ಸೆನ್ಸರಿನ ರೋಧ 10 ಕಿಲೊಓಮ್ ಆಗಿದ್ದರೆ ಅದು 0.9 ಮೈಕ್ರೊಸೆಕೆಂಡ್, ರೋಧ 100 ಕಿಲೊಓಮ್ ಆದರೆ 9 ಮೈಕ್ರೊಸೆಕೆಂಡ್. ಒಂದೇ ಎಡಿಸಿ ಹಲವು ಚಾನೆಲ್‌ಗಳನ್ನು (ಇನ್‌ಪುಟ್‌ಗಳನ್ನು) ಸರದಿಯಂತೆ ಅಳೆಯುವಾಗ ಅಷ್ಟು ಸಮಯ ಕೊಡದಿದ್ದರೆ ಹಿಂದಿನ ಚಾನೆಲ್ಲಿನ ವೋಲ್ಟೇಜ್ ಸ್ವಲ್ಪ ಉಳಿದುಕೊಂಡು ಈ ಚಾನೆಲ್ಲಿನ ಅಳತೆಯಲ್ಲಿ ಬೆರೆಯುತ್ತದೆ. ಒಂದು ಪೊಟೆನ್ಷಿಯೊಮೀಟರ್ ತಿರುಗಿಸಿದರೆ ಪಕ್ಕದ ಚಾನೆಲ್ಲಿನ ಅಂಕಿ ಅಲುಗಾಡುತ್ತಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. ಪ್ರೋಗ್ರಾಮಿನಲ್ಲಿ ಸ್ಯಾಂಪ್ಲಿಂಗ್ ಸಮಯ (ಸ್ವಿಚ್ ಮುಚ್ಚಿರುವ ಸಮಯ) ಹೆಚ್ಚಿಸಿ. ಅದಕ್ಕೆ ಅವಕಾಶವಿಲ್ಲದಿದ್ದರೆ ಸೆನ್ಸರಿಗೂ ಎಡಿಸಿಗೂ ನಡುವೆ ಆಪ್-ಆಂಪ್ (ಆಪರೇಷನಲ್ ಆಂಪ್ಲಿಫೈಯರ್ ಚಿಪ್) ಬಫರ್ ಹಾಕಿ.