ಅಂಗಾಂಗ ದಾನ: ಸುಮ್ಮನಿದ್ದವರು ಒಪ್ಪಿದಂತೆಯೇ?

ಬದುಕಿದ್ದಾಗ ‘ಕೊಡುತ್ತೇನೆ’ ಎಂದು ಬರೆದುಕೊಟ್ಟವರನ್ನಷ್ಟೇ ದಾನಿ ಎಂದು ಎಣಿಸುವುದು ಆಪ್ಟ್-ಇನ್. ‘ಕೊಡುವುದಿಲ್ಲ’ ಎಂದು ಬರೆಸದವರೆಲ್ಲ ಒಪ್ಪಿದ್ದಾರೆ ಎಂದು ಹಿಡಿಯುವುದು ಆಪ್ಟ್-ಔಟ್. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತೇ ಅಲ್ಲಿ ಕಾನೂನು. ಭಾರತದ್ದು ಮೊದಲನೆಯ ಪದ್ಧತಿ. ಪರೀಕ್ಷೆಗೆ ಓದುವವರು 1994ರ ಮಾನವ ಅಂಗಾಂಗ ಕಸಿ ಕಾಯ್ದೆ, ಅದರ 2011ರ ತಿದ್ದುಪಡಿ, 2014ರ ನಿಯಮಗಳು, ಈ ಮೂರನ್ನೂ ಒಟ್ಟಿಗೇ ಓದಿಕೊಳ್ಳಿ.

ಫಾರಂಗಳ ಸಂಖ್ಯೆ ಬಾಯಿಪಾಠ ಆಗಲೇಬೇಕು. ನಾವೇ ಬರೆದುಕೊಡುವ ಪ್ರತಿಜ್ಞೆ ಫಾರಂ 7. ಇದಕ್ಕೆ ಕನಿಷ್ಠ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿ ಆಗಿರಬೇಕು. ಸಾವಿನ ನಂತರ ಮನೆಯವರು ಕೊಡುವ ಒಪ್ಪಿಗೆ ಫಾರಂ 8. 18 ತುಂಬದ ಮಕ್ಕಳ ವಿಷಯದಲ್ಲಿ ತಂದೆ ಅಥವಾ ತಾಯಿ ಸಹಿ ಮಾಡುವುದು ಫಾರಂ 9. ಮೆದುಳುಕಾಂಡ (ಉಸಿರಾಟವನ್ನು ನಡೆಸುವ ಮೆದುಳಿನ ಬುಡಭಾಗ) ಸತ್ತಿದೆ ಎಂಬ ಪ್ರಮಾಣಪತ್ರ ಫಾರಂ 10. ಕಾಯ್ದೆಯ ಪ್ರಕಾರ ಸರಿಯಾದ ಲಿಖಿತ ಪ್ರತಿಜ್ಞೆಯೇ ಸಾಕು. ಆದರೂ ಮನೆಯವರು ‘ಬೇಡ’ ಎಂದರೆ ವೈದ್ಯರು ಮುಂದುವರಿಯುವುದಿಲ್ಲ. ಇಡೀ ಚರ್ಚೆಯ ಗಂಟು ಇರುವುದು ಇಲ್ಲೇ.

ಆಪ್ಟ್-ಔಟ್ ಪರ ವಾದಿಸುವವರು ಮೊದಲು ಎತ್ತುವುದು 2003ರ ಜಾನ್ಸನ್–ಗೋಲ್ಡ್‌ಸ್ಟೀನ್ ಅಧ್ಯಯನವನ್ನು: ಆಪ್ಟ್-ಇನ್ ಇರುವ ಜರ್ಮನಿಯಲ್ಲಿ ಸಮ್ಮತಿ ಶೇ 12, ಆಪ್ಟ್-ಔಟ್ ಇರುವ ಆಸ್ಟ್ರಿಯಾದಲ್ಲಿ ಶೇ 99.98. ಅಂಕಿ ಸರಿ, ಅರ್ಥ ಮಾಡಿಕೊಳ್ಳುವಾಗ ಎಡವುತ್ತೇವೆ. ಅದು ಪಟ್ಟಿಯ ಪ್ರಕಾರ ಒಪ್ಪಿದವರೆಂದು ಲೆಕ್ಕ ಹಿಡಿದವರ ಪ್ರಮಾಣ, ನಿಜವಾಗಿ ನಡೆದ ದಾನದ್ದಲ್ಲ. ಉತ್ತರಪತ್ರಿಕೆಯಲ್ಲಿ ಇವೆರಡನ್ನೂ ಬೆರೆಸಿದರೆ ವಾದವೇ ಕುಸಿಯುತ್ತದೆ.

ಸ್ಪೇನ್ ನೋಡಿ. ಆಪ್ಟ್-ಔಟ್ ಕಾನೂನು ಬಂದದ್ದು 1979ರಲ್ಲಿ. ದಾನ ಏರಿದ್ದು 1989ರಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಹುಟ್ಟಿ, ಆಸ್ಪತ್ರೆಗಳಲ್ಲಿ ತರಬೇತಾದ ಸಂಯೋಜಕರನ್ನು ಕೂರಿಸಿದ ಮೇಲೆ. ಅಲ್ಲಿ ಇಂದಿಗೂ ಮನೆಯವರನ್ನು ಕೇಳುತ್ತಾರೆ. ಬ್ರೆಜಿಲ್ 1997ರಲ್ಲಿ ಅವಸರದಿಂದ ಕಾನೂನು ತಂದಿತು. ಹೆದರಿದ ಜನ ‘ದಾನಿ ಅಲ್ಲ’ ಎಂದು ಬರೆಸಲು ಮುಗಿಬಿದ್ದರು. 1998ರಲ್ಲೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ವೇಲ್ಸ್ 2013ರಲ್ಲಿ ಕಾಯ್ದೆ ಮಾಡಿ, ಎರಡು ವರ್ಷ ಜನರಿಗೆ ತಿಳಿಹೇಳಿ, 2015ರ ಡಿಸೆಂಬರ್ 1ರಿಂದ ಜಾರಿಗೆ ತಂದಿತು. ಬದಲಾಯಿಸುವುದೇ ಆದರೆ ವೇಲ್ಸ್ ದಾರಿಯೇ ಸರಿ.

ಈಗ ಉದಾಹರಣೆಗೆ ನಮ್ಮ ತುಮಕೂರಿಗೆ ಬನ್ನಿ. ಹೆದ್ದಾರಿಯಲ್ಲಿ ಬೈಕ್ ಅಪಘಾತ, ತಲೆಗೆ ಪೆಟ್ಟು, ಐಸಿಯುನಲ್ಲಿ ವೆಂಟಿಲೇಟರ್. ದಾನದ ಮಾತಿಗೆ ಮೊದಲು ಮೆದುಳುಕಾಂಡದ ಸಾವು ಖಚಿತವಾಗಬೇಕು. ನಾಲ್ವರು ವೈದ್ಯರ ಮಂಡಳಿ, ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ. ಕಣ್ಣಿನ ಪಾಪೆ, ಕೆಮ್ಮು, ಗಂಟಲಿನ ಪ್ರತಿಕ್ರಿಯೆಗಳ ಜೊತೆಗೆ, ತಾನಾಗಿ ಉಸಿರಾಡುವ ಯತ್ನ ಇದೆಯೇ ಎಂದು ನೋಡುವ ಅಪ್ನಿಯಾ ಪರೀಕ್ಷೆ: ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಒತ್ತಡ 60 ಮಿ.ಮೀ. ಪಾದರಸಕ್ಕೆ ಏರಿದರೂ ಉಸಿರಾಟದ ಯತ್ನ ಕಾಣಬಾರದು. ಕಸಿ ಮಾಡುವ ತಂಡದವರು ಈ ಮಂಡಳಿಯಲ್ಲಿ ಇರುವಂತಿಲ್ಲ. ಪಾವಗಡದಿಂದಲೋ ಶಿರಾದಿಂದಲೋ ಓಡಿಬಂದ ಮನೆಯವರಿಗೆ ಕಾಣುವುದು ಏರಿಳಿಯುವ ಎದೆ, ಬೆಚ್ಚಗಿನ ಕೈ. ‘ಉಸಿರಾಡ್ತಾ ಇದಾನಲ್ಲ ಡಾಕ್ಟ್ರೇ’ ಎಂಬ ಅವರ ಪ್ರಶ್ನೆಗೆ ಯಾವ ನೋಂದಣಿ ಪಟ್ಟಿಯಲ್ಲೂ ಉತ್ತರವಿಲ್ಲ. ಅದಕ್ಕೇ ಸಾವಿನ ಸುದ್ದಿಯನ್ನೂ ದಾನದ ಕೋರಿಕೆಯನ್ನೂ ಒಂದೇ ಉಸಿರಿನಲ್ಲಿ ಹೇಳಬಾರದು. ಮೊದಲನೆಯದು ಮನಸ್ಸಿಗೆ ಇಳಿಯಲಿ, ಆಮೇಲೆ ಎರಡನೆಯದು. ಅಪಘಾತದ ಪ್ರಕರಣವಾದ್ದರಿಂದ ಪೊಲೀಸರಿಗೆ ತಿಳಿಸುವುದು, ಮರಣೋತ್ತರ ಪರೀಕ್ಷೆ ಎರಡೂ ಇವೆ. ದೇಹ ಯಾವಾಗ ಕೈಗೆ ಸಿಗುತ್ತದೆ ಎಂದು ಮೊದಲೇ ಬಿಡಿಸಿ ಹೇಳದಿದ್ದರೆ, ಒಪ್ಪಿದವರೂ ಹಿಂದೆ ಸರಿಯುತ್ತಾರೆ.

ದೂರ ಇಲ್ಲಿ ದೊಡ್ಡ ಅಡ್ಡಿಯಲ್ಲ. ತೆಗೆದ ಹೃದಯಕ್ಕೆ ಸುಮಾರು 4 ಗಂಟೆ, ಮೂತ್ರಪಿಂಡಕ್ಕೆ 24 ಗಂಟೆಗೂ ಹೆಚ್ಚು ಕಾಲಾವಕಾಶವಿದೆ. ಬೆಂಗಳೂರು ಇರುವುದು 70 ಕಿ.ಮೀ. ಆಚೆ. ಅಂಗಗಳ ಹಂಚಿಕೆಯನ್ನು ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆ ನೋಡಿಕೊಳ್ಳುತ್ತದೆ. ಕೊರತೆ ಇರುವುದು ಸಾವನ್ನು ಸಕಾಲದಲ್ಲಿ ಘೋಷಿಸುವುದರಲ್ಲಿ, ಮನೆಯವರ ಜೊತೆ ಕೂತು ಮಾತಾಡುವವರಲ್ಲಿ. ಇದನ್ನು ಬಿಟ್ಟು ಪಟ್ಟಿಯನ್ನಷ್ಟೇ ಆಪ್ಟ್-ಔಟ್‌ಗೆ ತಿರುಗಿಸಿದರೆ ಅಂಗ ಹೆಚ್ಚಾಗುವುದಿಲ್ಲ, ಅನುಮಾನ ಹೆಚ್ಚಾಗುತ್ತದೆ.

ನೇತ್ರದಾನದ ಲೆಕ್ಕವೇ ಬೇರೆ. ಹೃದಯ ನಿಂತು, ಮನೆಯಲ್ಲೇ ತೀರಿಕೊಂಡರೂ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಕೊಡಬಹುದು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದದ್ದು ಹೃದಯ ನಿಂತ ಮೇಲೆ. ಅದೇ ವರ್ಷ ಸಂಚಾರಿ ವಿಜಯ್ ಅವರ ಅಂಗಾಂಗಗಳು ದಾನವಾದದ್ದು ಮೆದುಳು ನಿಷ್ಕ್ರಿಯವಾದ ಮೇಲೆ. ವ್ಯತ್ಯಾಸ ನೆನಪಿಡಲು ಈ ಎರಡು ಹೆಸರು ಸಾಕು. ಕಣ್ಣಿಗೆ ಸಿಗುವ ಸಮಯ 6 ಗಂಟೆ. ನೇತ್ರ ಬ್ಯಾಂಕ್‌ಗೆ ಕರೆ ಮಾಡಿ, ರೆಪ್ಪೆ ಮುಚ್ಚಿ, ಅದರ ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆಯಡಿ ದಿಂಬು ಕೊಡಿ.